ಹೊಳೆಯ ಮೀನಿಗೂ ಒಂದು ಲೆಕ್ಕ ಬೇಕು

ಸುಗ್ಗಿಯಲ್ಲಿ ರಾಗಿಯನ್ನು ಅಳೆಯದೆ ಯಾವ ರೈತನೂ ಕಣ ಬಿಟ್ಟೇಳುವುದಿಲ್ಲ. ಕೊಟ್ಟಿಗೆಯಲ್ಲಿ ದನವೆಷ್ಟು, ಅದರಲ್ಲಿ ಕರುವೆಷ್ಟು, ಗೊಡ್ಡೆಷ್ಟು ಎಂಬುದು ಅವನ ನಾಲಗೆಯ ತುದಿಯಲ್ಲಿರುತ್ತದೆ. ಆದರೆ ಊರ ಕೆಳಗಿನ ಹೊಳೆಯಲ್ಲಿ ಯಾವ ಮೀನು ಉಳಿದಿದೆ, ಯಾವುದು ಹೋಗಿದೆ ಎಂದು ಕೇಳಿದರೆ, “ಮೀನಿಗೇನು, ಬೇಕಾದಷ್ಟಿವೆ” ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಒಂದು ಮಾತಿನ ಮರೆಯಲ್ಲಿ ಕಾವೇರಿ ಸೀಮೆಗೆ ಒದಗಿದ ನಷ್ಟವನ್ನು ಈ ವಾರ ಓದುಗರ ಮುಂದಿಡುತ್ತೇವೆ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಗೂನುಬೆನ್ನಿನ ಮಹಸೀರ್ ಎಂಬ ದೊಡ್ಡ ಮೀನುಂಟು. ಮಹಸೀರನ್ನು ನಮ್ಮವರು ಬಿಳಿ ಮೀನು ಎನ್ನುವುದುಂಟು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದ ಒಬ್ಬರು ಕಪಿಲೆಯಲ್ಲಿ ಗಾಳ ಹಾಕಿ ಹಿಡಿದ ಮಹಸೀರ್ 120 ಪೌಂಡು ತೂಗಿತ್ತು. ಗೂನುಬೆನ್ನಿನ ಈ ಜಾತಿ ಕಾವೇರಿಯ ಜಲಾನಯನವನ್ನು ಬಿಟ್ಟರೆ ಪ್ರಪಂಚದ ಬೇರಾವ ಕಡೆಯೂ ಇಲ್ಲ. ಇಷ್ಟು ಹೆಸರಾದ ಮೀನಿನ ಶಾಸ್ತ್ರೀಯ ನಾಮ ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಹೆಸರಿಡುವ ದಿನವೇ ಮಗು ಹಾಸಿಗೆ ಹಿಡಿದಂತಾಯಿತು.

ಇದು ಹೇಗಾಯಿತು? ಮಹಸೀರ್ ಹೊಸ ನೀರು ಬಂದಾಗ ಪ್ರವಾಹಕ್ಕೆ ಎದುರಾಗಿ ಮೇಲೇರಿ, ನುರುಜುಕಲ್ಲಿನ ಮೇಲೆ ತಿಳಿನೀರಿನಲ್ಲಿ ಮೊಟ್ಟೆಯಿಡುವ ಮೀನು. 1934ರಲ್ಲಿ ಮೆಟ್ಟೂರು, 1955ರಲ್ಲಿ ಭವಾನಿಸಾಗರ, ಹೀಗೆ ಒಂದೊಂದು ಅಣೆಕಟ್ಟೂ ದಾರಿಗೆ ಅಡ್ಡ ನಿಂತಿತು. ಮರಳು ತೆಗೆಯುವವರು ಹೊಳೆಯ ತಳವನ್ನೇ ಬಗೆದರು. ತೋಟೆ ಸಿಡಿಸುವವರು ಮಡುವಿನ ತಾಯಿಮೀನನ್ನೂ ಮರಿಯನ್ನೂ ಒಟ್ಟಿಗೆ ಕೊಂದರು. ಅಣೆಕಟ್ಟಿನ ನೀರಿನಿಂದ ನಮ್ಮ ಗದ್ದೆಗಳು ಬೆಳೆದಿವೆ. ಅದನ್ನು ಒಡೆಯಿರಿ ಎಂದು ನಾವು ಹೇಳುವವರಲ್ಲ. ಲೆಕ್ಕವಿಲ್ಲದೆ ಮಾಡಿದ ಉಪಕಾರವೂ ಅಪಕಾರವಾದೀತು ಎಂಬುದಷ್ಟೇ ನಮ್ಮ ಮಾತು.

ಅಂಥದೊಂದು ಉಪಕಾರವೂ ನಡೆಯಿತು. ಕಾವೇರಿಯಲ್ಲಿ ಮಹಸೀರ್ ಕಡಿಮೆಯಾಗುತ್ತಿದೆಯೆಂದು, ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲೋಣಾವಳದ ಮೀನುಮರಿ ಕೇಂದ್ರದ ನೀಲಿರೆಕ್ಕೆಯ ಮಹಸೀರನ್ನು ತಂದು ಬಿಟ್ಟರು. ಅದು ಭೀಮಾ–ಕೃಷ್ಣಾ ಸೀಮೆಯ ಮೀನು. ನಮ್ಮ ಸೊಲ್ಲಾಪುರದ ಕಡೆಯ ಬಂಧುಗಳಿಗೆ ಅದು ಮನೆಯ ಮೀನು, ಕಾವೇರಿಗೆ ಮಾತ್ರ ಹೊರಗಿನದು. ಬಿಟ್ಟ ಮರಿ ಬೆಳೆಯಿತು, ಹೆಚ್ಚಿತು. “ಮಹಸೀರ್ ಮರಳಿ ಬಂದಿತು” ಎಂದು ಎಲ್ಲರೂ ಸಂತೋಷಪಟ್ಟರು.

ನಿಜ ತಿಳಿದದ್ದು ಒಂದು ದಫ್ತರದಿಂದ. ಕಾವೇರಿ ದಡದ ಗಾಳಿಬೋರೆಯಲ್ಲಿ ಗಾಳ ಹಾಕುವವರು ಮೀನನ್ನು ಹಿಡಿದು, ತೂಕ ಬರೆದು, ಮರಳಿ ನೀರಿಗೆ ಬಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಆ ಬರಹವನ್ನು ತಜ್ಞರು ಜಾತಿವಾರು ಬಿಡಿಸಿ ನೋಡಿದರು. ಹೆಚ್ಚಿದ್ದೆಲ್ಲ ನೀಲಿರೆಕ್ಕೆಯದು. ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಸಿಕ್ಕ ಕೆಲವೂ ದೊಡ್ಡ ಮೀನುಗಳು, ಮರಿಗಳಿಲ್ಲ. ಹಟ್ಟಿಯಲ್ಲಿ ಮುದಿ ಹಸುಗಳಷ್ಟೇ ಇದ್ದು ಕರುವಿಲ್ಲದಿದ್ದರೆ ಆ ಹಟ್ಟಿಯ ಗತಿ ಏನೆಂದು ರೈತನಿಗೆ ಬಿಡಿಸಿ ಹೇಳಬೇಕೆ? ತಲೆಯೆಣಿಕೆ ಒಂದೇ ಸಾಲದು, ಜಾತಿಯನ್ನೂ ಪ್ರಾಯವನ್ನೂ ಎಣಿಸಬೇಕೆಂಬುದು ಇಲ್ಲಿಯ ಪಾಠ.

2012ರಲ್ಲಿ ರಕ್ಷಿತಾರಣ್ಯದೊಳಗೆ ಗಾಳ ನಿಂತಿತು, ಅದರೊಂದಿಗೆ ಆ ಬರಹವೂ ನಿಂತಿತು. ಕಳ್ಳಬಲೆ ಮಾತ್ರ ನಿಲ್ಲಲಿಲ್ಲ. ಗೂನುಬೆನ್ನಿನ ಮೀನು ಇನ್ನೂ ಕಾಣಸಿಗುವ ಕೆಲವೇ ನೆಲೆಗಳಲ್ಲಿ ನಮ್ಮ ತಾಳವಾಡಿ ಸೀಮೆಯ ತೆಂಕಣ ಕಮರಿಯ ಮೋಯಾರು ಒಂದು. ಅಲ್ಲಿಯೂ ಹೊಳೆ ಹಳೆಯ ಹೊಳೆಯಲ್ಲ. ನೀಲಗಿರಿಯ ವಿದ್ಯುದಾಗಾರಗಳು ಬಿಟ್ಟಂತೆ ನೀರು ಏರುವುದು, ಇಳಿಯುವುದು.

ಒಂದು ಬಾಟಲಿ ನೀರನ್ನು ಪರೀಕ್ಷಿಸಿ ಆ ಮಡುವಿನಲ್ಲಿ ಯಾವ ಜಾತಿಯ ಮೀನಿದೆಯೆಂದು ಹೇಳುವ ವಿದ್ಯೆ ಈಗ ಬಂದಿದೆ. ಒಳ್ಳೆಯದೇ. ಆದರೆ ಮರಿ ಇದೆಯೇ, ಮುದಿ ಮಾತ್ರವೇ ಎಂಬುದನ್ನು ಆ ಬಾಟಲಿ ಹೇಳದು. ಅದಕ್ಕೆ ದಡದಲ್ಲಿ ಬಾಳುವ ಕಣ್ಣುಗಳೇ ಬೇಕು.

ಇಲ್ಲಿ ನಮ್ಮವರ ಅಂಜಿಕೆಯೊಂದನ್ನು ಮುಚ್ಚಿಡಲಾರೆವು. “ಇಂದು ಎಣಿಸಲು ಬರುವರು, ನಾಳೆ ಹೊಳೆಗೆ ಇಳಿಯಬೇಡಿ ಎನ್ನುವರು” ಎಂದು ಬೆಸ್ತರೂ ಕಾಡಂಚಿನ ಒಕ್ಕಲುಗಳೂ ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ. ಆದುದರಿಂದಲೇ ಲೆಕ್ಕವು ಅವರ ಮೇಲಿನ ಫಿರ್ಯಾದಾಗಬಾರದು, ಅವರ ಕೈಯ ಬರಹವಾಗಬೇಕು. ಇಲಾಖೆಯವರು ಎಣಿಕೆಯ ಕೆಲಸಕ್ಕೆ ಅವರನ್ನೇ ಕೂಲಿ ಕೊಟ್ಟು ಕರೆಯಲಿ. ಬಂದ ಲೆಕ್ಕವನ್ನು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಊರಿನ ಚಾವಡಿಯಲ್ಲಿ ಓದಿ ಹೇಳಲಿ. ಮೀನು ಕರ್ನಾಟಕದ ಗಡಿಯನ್ನೂ ತಮಿಳುನಾಡಿನ ಗಡಿಯನ್ನೂ ಅರಿಯದು. ಹೊಳೆಯ ಎರಡು ದಡದ ಇಲಾಖೆಗಳು ಒಂದೇ ದಫ್ತರವನ್ನು ಇಟ್ಟರೆ ಸಾಕು.

ಓದುಗರಲ್ಲಿ ನಮ್ಮ ಬಿನ್ನಹ ದೊಡ್ಡದೇನಲ್ಲ. ಬೆನ್ನು ಗೂನಾಗಿ ರೆಕ್ಕೆ ಕೇಸರಿಯಾಗಿದ್ದರೆ ಅದು ನಮ್ಮ ಮೀನು. ರೆಕ್ಕೆಗೆ ನೀಲಿ ಛಾಯೆಯಿದ್ದರೆ ಬಂದ ಮೀನು. ಕಾಯಿದೆ ತಡೆಯದ ಎಡೆಯಲ್ಲಿ ಬಲೆಗೆ ನಮ್ಮ ಮೀನು ಸಿಕ್ಕಿದರೆ ಗೇಣಿನಲ್ಲಿ ಅಳೆದು, ದಿನ, ಮಡುವಿನ ಹೆಸರು, ನೀರಿನ ಮಟ್ಟ ಇಷ್ಟನ್ನು ಬರೆದು ಮೀನನ್ನು ಹೊಳೆಗೆ ಬಿಡಿರಿ. ಅಜ್ಜಂದಿರಿಗೆ ಗೊತ್ತಿರುವ ಮಡುಗಳ ಹೆಸರನ್ನು ಶಾಲೆಯ ಮಕ್ಕಳಿಂದ ಬರೆಸಿರಿ. ಎಲ್ಲಿಂದಲೋ ತಂದ ಮೀನುಮರಿಯನ್ನು ಪುಣ್ಯವೆಂದು ಹೊಳೆಗೆ ಸುರಿಯಬೇಡಿರಿ, ಅದು ಕೆರೆಯಲ್ಲಿರಲಿ.

ಮುಂದಿನ ಮಳೆಗಾಲ ಕಳೆದು ನೀರು ತಿಳಿಯಾದಾಗ ಮೋಯಾರಿನ ಮಡುವಿನಲ್ಲಿ ಕೇಸರಿ ರೆಕ್ಕೆಯ ಗೇಣುದ್ದದ ಒಂದು ಮರಿ ಕಂಡಿತೆಂದು ಯಾರಾದರೂ ಬರೆದರೆ, ಅದಕ್ಕಿಂತ ಒಳ್ಳೆಯ ಸುದ್ದಿಯನ್ನು ಈ ಪುಟ ಅಚ್ಚು ಮಾಡಲಾರದು.