ಕದ್ದ ಕಾರಿಗೆ ಒಡೆಯನಾರು?

ಅಂಬಾಸಿಡರ್ ಕಾರಿನ ತಯಾರಿ 2014ರಲ್ಲೇ ನಿಂತಿತು. ಅದರ ಮೇಲಿನ ಮೋಹ ನಿಂತಿಲ್ಲ. ಆದರೆ ಆಸೆಯಿಂದ ಕೊಂಡ ಹಳೆಯ ಕಾರು ಕಳವಿನ ಮಾಲೆಂದು ಆಮೇಲೆ ತಿಳಿದರೆ ಅದು ಯಾರಿಗೆ ಸೇರಬೇಕು? ಹಣ ತೆತ್ತವರಿಗೋ, ಕಳಕೊಂಡವರಿಗೋ?

ಕಳಕೊಂಡವರಿಗೇ ಎಂಬುದು 1930ರ ಸರಕು ಮಾರಾಟ ಕಾಯಿದೆಯ ತಿರುಳು. ತನ್ನದಲ್ಲದ್ದನ್ನು ಮಾರಿದವನು ಒಡೆತನವನ್ನು ದಾಟಿಸಲಾರ. ಕೊಂಡವರಿಗೆ ಇದು ಕಠಿಣವೇ ಸರಿ. ಆದರೂ ಇದು ನ್ಯಾಯವೆಂದೇ ನಮ್ಮ ಮತ. ಇಲ್ಲವಾದರೆ ಕಳ್ಳನು ಬರೆದುಕೊಟ್ಟ ಚೀಟಿಯೇ ಹಕ್ಕುಪತ್ರವಾದೀತು. ಅರಿಯದೆ ಕೊಂಡದ್ದು ಅಪರಾಧವಲ್ಲ. ಅರಿತ ಮೇಲೂ ಅಡಗಿಸಿಟ್ಟರೆ ಅಪರಾಧವಾದೀತು. ಕಾರನ್ನು ಪೊಲೀಸರಿಗೊಪ್ಪಿಸಿ, ಮಾರಿದವನ ಮೇಲೆ ಹಣಕ್ಕಾಗಿ ದಾವೆ ಹೂಡುವುದೇ ಸರಿಯಾದ ದಾರಿ.

ವಶಪಡಿಸಿದ ವಾಹನಗಳನ್ನು ಠಾಣೆಗಳಲ್ಲಿ ಬಹುಕಾಲ ಇಡಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮಳೆಗೆ ತುಕ್ಕು ಹಿಡಿದ ಕಾರಿನಿಂದ ಯಾರಿಗೂ ಲಾಭವಿಲ್ಲ. ಅಧಿಕಾರಿಗಳು ಇದನ್ನು ಮರೆಯಬಾರದೆಂದು ಒತ್ತಾಯಿಸುತ್ತೇವೆ.

ಗಡಿನಾಡಿನವರಾದ ನಾವು ಇನ್ನಷ್ಟು ಜಾಗ್ರತೆ ವಹಿಸಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ ಕಾರನ್ನು ಇಲ್ಲಿ ಹೆಸರಿಗೆ ಮಾಡಿಸಲು ಅಲ್ಲಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರ 'ಆಮೇಲೆ ಕೊಡುತ್ತೇನೆ' ಎನ್ನುವವನಿಗೆ ಹಣವನ್ನೂ ಆಮೇಲೆಯೇ ಕೊಡೋಣ. ಮುಂಗಡ ಕೊಡುವ ಮುನ್ನ ಚಾಸಿ ನಂಬ್ರ, ಎಂಜಿನ್ ನಂಬ್ರಗಳನ್ನು ಆರ್.ಸಿ.ಯೊಡನೆ ತಾಳೆ ನೋಡೋಣ. ಬಣ್ಣಕ್ಕಿಂತ ನಂಬ್ರ ಮುಖ್ಯ.