ಅಗ್ಗವಾದುದೆಲ್ಲ ಕಳಪೆಯಲ್ಲ

ನನ್ನ ಅಕ್ಕನಿಗೆ ಕಿಮೊಥೆರಪಿ ನಡೆಯುತ್ತಿದ್ದ ತಿಂಗಳುಗಳಲ್ಲಿ ನಮ್ಮ ಮನೆಯ ಫ್ರಿಜ್‌ನಲ್ಲಿ, ಮೊಸರಿನ ಪಾತ್ರೆಯ ಪಕ್ಕ, ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಅದರೊಳಗಿನ ಚುಚ್ಚುಮದ್ದಿನ ಹೆಸರು ಫಿಲ್‌ಗ್ರಾಸ್ಟಿಮ್. ಮೊದಲೆರಡು ಸುತ್ತಿಗೆ ಮೂಲ ಕಂಪನಿಯ ದುಬಾರಿ ಔಷಧವನ್ನೇ ತಂದೆವು. ಮೂರನೆಯ ಸುತ್ತಿನ ಹೊತ್ತಿಗೆ ಉಳಿತಾಯ ಕರಗಿತ್ತು. ಔಷಧದಂಗಡಿಯವರು ಕಡಿಮೆ ಬೆಲೆಯ ಪರ್ಯಾಯವನ್ನು ಮುಂದಿಟ್ಟಾಗ ಭಾವ, ‘ಜೀವದ ಪ್ರಶ್ನೆ, ಅಗ್ಗದ್ದು ಬೇಡ’ ಎಂದರು. ಅದರ ಬದಲು ಒಂದೆರಡು ಡೋಸ್ ಬಿಟ್ಟರಾಯಿತು ಎಂಬ ಮಾತೂ ಬಂತು. ವೈದ್ಯರು ಗದರಿದರು: ಬ್ರ್ಯಾಂಡ್ ಬದಲಿಸಿ, ಡೋಸ್ ಬಿಡಬೇಡಿ.

ಗದರಿಕೆಗೆ ಕಾರಣವಿತ್ತು. ಕಿಮೊಥೆರಪಿಯು ಕ್ಯಾನ್ಸರ್ ಕೋಶಗಳೊಂದಿಗೆ ಅಸ್ಥಿಮಜ್ಜೆಯನ್ನೂ ಘಾಸಿಗೊಳಿಸುತ್ತದೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಳ ಮುಟ್ಟುತ್ತವೆ. ಅವು ಮೈಕ್ರೊಲೀಟರ್‌ಗೆ 500ಕ್ಕಿಂತ ಕೆಳಗಿಳಿದಾಗ ಬರುವ ಜ್ವರ ಪ್ರಾಣಕ್ಕೇ ಎರವಾಗಬಹುದು. ಫಿಲ್‌ಗ್ರಾಸ್ಟಿಮ್ ಈ ಕಣಗಳ ಉತ್ಪಾದನೆಯನ್ನು ಚುರುಕುಗೊಳಿಸುತ್ತದೆ.

1991ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧ ಬ್ಯಾಕ್ಟೀರಿಯಾದೊಳಗೆ ತಯಾರಾಗುವ ಪ್ರೋಟೀನು. ಪ್ಯಾರಾಸಿಟಮಾಲ್‌ನಂತೆ ಇದನ್ನು ರಾಸಾಯನಿಕ ಸೂತ್ರ ನೋಡಿ ನಕಲು ಮಾಡಲಾಗದು. ಆದ್ದರಿಂದಲೇ ಇದರ ಪರ್ಯಾಯವನ್ನು ‘ಜೆನೆರಿಕ್’ ಎನ್ನದೆ ‘ಬಯೋಸಿಮಿಲರ್’ ಎನ್ನುತ್ತಾರೆ. ಮೂಲ ಔಷಧಕ್ಕೂ ಅದಕ್ಕೂ ಚಿಕಿತ್ಸೆಯ ದೃಷ್ಟಿಯಿಂದ ಅರ್ಥಪೂರ್ಣ ವ್ಯತ್ಯಾಸವಿಲ್ಲವೆಂದು ತಯಾರಕರು ರುಜುವಾತುಪಡಿಸಬೇಕು. ಯುರೋಪ್ 2008ರಲ್ಲಿ ಇಂಥ ಫಿಲ್‌ಗ್ರಾಸ್ಟಿಮ್‌ಗೆ ಒಪ್ಪಿಗೆ ನೀಡಿತು. 2015ರಲ್ಲಿ ಅಮೆರಿಕ ಅನುಮೋದಿಸಿದ ಮೊಟ್ಟಮೊದಲ ಬಯೋಸಿಮಿಲರ್ ಕೂಡ ಇದೇ. ಸುತ್ತಿಗೊಮ್ಮೆ ಕೊಟ್ಟರೆ ಸಾಕಾಗುವ ಪೆಗ್‌ಫಿಲ್‌ಗ್ರಾಸ್ಟಿಮ್‌ನ ಮೊದಲ ಪರ್ಯಾಯಕ್ಕೆ 2018ರಲ್ಲಿ ಅಲ್ಲಿ ಅನುಮತಿ ದೊರೆತಾಗ, ಅದರ ಹಿಂದೆ ಮೈಲಾನ್ ಜೊತೆ ನಮ್ಮ ಬೆಂಗಳೂರಿನ ಬಯೋಕಾನ್ ಇತ್ತು. ಅಮೆರಿಕದ ರೋಗಿ ನಂಬುವುದನ್ನು ನಾವು ಅನುಮಾನಿಸುವುದು ವಿಪರ್ಯಾಸ.

ಹಾಗೆಂದು ಭಾವನವರ ಅಳುಕು ನಿರಾಧಾರವಾಗಿರಲಿಲ್ಲ. ಡಾ. ರೆಡ್ಡೀಸ್ ಕಂಪನಿಯ ಫಿಲ್‌ಗ್ರಾಸ್ಟಿಮ್ ಭಾರತದ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಇಂಥ ಔಷಧಗಳಿಗೆಂದೇ ನಮ್ಮಲ್ಲಿ ಮಾರ್ಗಸೂಚಿ ಬಂದದ್ದು 2012ರಲ್ಲಿ, ಪರಿಷ್ಕರಣೆಯಾದದ್ದು 2016ರಲ್ಲಿ. ಮೊದಲು ಔಷಧ, ಆಮೇಲೆ ನಿಯಮ ಎಂಬ ಈ ಕ್ರಮವೇ ಸಂಶಯಕ್ಕೆ ಎಡೆಮಾಡುತ್ತದೆ. ಅಕ್ಕನ ರಕ್ತಕಣಗಳು ಪರ್ಯಾಯ ಔಷಧದಿಂದಲೂ ಚೇತರಿಸಿಕೊಂಡವು, ನಿಜ; ಆದರೆ ಒಬ್ಬರ ಅನುಭವ ಪುರಾವೆಯಲ್ಲ.

ಪುರಾವೆಯನ್ನು ಒದಗಿಸಬೇಕಾದುದು ಸರ್ಕಾರ ಮತ್ತು ಉದ್ಯಮದ ಹೊಣೆ. ಪ್ರತಿ ಬ್ರ್ಯಾಂಡ್‌ನ ಹೋಲಿಕೆ ಪರೀಕ್ಷೆಯ ಫಲಿತಾಂಶ ವೈದ್ಯರಿಗೂ ಜನರಿಗೂ ಸುಲಭವಾಗಿ ಸಿಗುವಂತಿರಬೇಕು. ಅಡ್ಡಪರಿಣಾಮವಾದರೆ ಮೂಲ ಹುಡುಕಲು ಅನುಕೂಲವಾಗುವಂತೆ ರೋಗಿಯ ಚೀಟಿಯಲ್ಲಿ ಬ್ರ್ಯಾಂಡ್ ಹಾಗೂ ಬ್ಯಾಚ್ ಸಂಖ್ಯೆ ದಾಖಲಾಗಬೇಕು. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಾಂಶಕ್ಕೆ ಶೇ 30ರ ಮಿತಿ ಹಾಕಿದಂತೆ, ಚಿಕಿತ್ಸೆಗೆ ಬೆಂಬಲವಾಗಿ ಬಳಸುವ ಎಲ್ಲ ಬಯೋಸಿಮಿಲರ್‌ಗಳಿಗೂ ಮಿತಿ ಬೇಕು. ತಯಾರಿಕೆ ಅಗ್ಗವಾಗಿ, ಮುದ್ರಿತ ಬೆಲೆ ಮಾತ್ರ ದುಬಾರಿಯಾಗಿ ಉಳಿದರೆ ರೋಗಿಗೆ ಬಂದ ಭಾಗ್ಯವೇನು?

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಇಂಥ ಪ್ರಸಂಗ ಬಂದರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಇದಕ್ಕೆ ಪರ್ಯಾಯವಿದೆಯೇ, ಅದರ ಪುರಾವೆ ಏನು? ಕೇಳದೆ ಸಾಲ ಮಾಡುವುದೂ ಬೇಡ, ಹೇಳದೆ ಡೋಸ್ ಬಿಡುವುದಂತೂ ಬೇಡವೇ ಬೇಡ.