ಹಳೆಯ ಲಾರಿಗೆ ದೊಡ್ಡ ಎಂಜಿನ್: ಹಾಕಿಸಬೇಕೆ, ಬೇಡವೆ?

ಟಾಟಾ 1210ರಂಥ ಹಳೆಯ ಲಾರಿಯನ್ನು ಇನ್ನೂ ಓಡಿಸುತ್ತಿರುವ ಮಾಲೀಕರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಎಂಜಿನ್ ಸೊರಗಿದೆ, ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವಾಗ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟುತ್ತವೆ. ರೀಬೋರ್ ಮಾಡಿಸಿ ಇದ್ದದ್ದರಲ್ಲೇ ಸಾಗುವುದೆ? ಅಥವಾ ದೊಡ್ಡ ಗಾಡಿಯ ಟರ್ಬೊ ಎಂಜಿನ್ನನ್ನೂ ಗಟ್ಟಿ ಹಿಂಬದಿ ಆಕ್ಸಲನ್ನೂ ಕೂರಿಸುವುದೆ?

ಹಾಕಿಸಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತುಕ್ಕು ಹಿಡಿಯದ ಚಾಸಿಸ್ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಹೊಸ ಲಾರಿ ಕೊಂಡರೆ ಬಾಡಿಗೆ ಸಿಗದ ತಿಂಗಳಲ್ಲೂ ಕಂತು ಕಟ್ಟಬೇಕು. ಹೊರಹೋಗುವ ಹೊಗೆಯ ಬಲದಿಂದಲೇ ಹೆಚ್ಚು ಗಾಳಿಯನ್ನು ಒಳಗೆ ತುಂಬುವ ಟರ್ಬೊ, ಅದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಎಳೆತ ಕೊಡುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಆದರೆ ಹೆದ್ದಾರಿ ಬದಿಯ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ.

ಎಂಜಿನ್ ಒಂದನ್ನೇ ಬದಲಿಸಿ ಸುಮ್ಮನಾಗುವಂತಿಲ್ಲ ಎಂಬುದಕ್ಕೆ ಲೆಕ್ಕವಿದೆ. ಎಂಜಿನ್ನಿನ ಟಾರ್ಕ್ 400 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 7, ಹಿಂಬದಿ ಆಕ್ಸಲಿನ ಕ್ರೌನ್ ಗೇರಿನದು 6 ಎಂದುಕೊಳ್ಳಿ. ಆಕ್ಸಲ್‌ಗೆ ತಲುಪುವ ಟಾರ್ಕ್ 16,800 ನ್ಯೂಟನ್ ಮೀಟರ್. ಎಂಜಿನ್ನಿನ ಟಾರ್ಕ್ 600ಕ್ಕೇರಿದರೆ ಅದು 25,200 ಆಗುತ್ತದೆ. ಕ್ಲಚ್, ಗೇರ್‌ಬಾಕ್ಸ್, ಜಾಯಿಂಟ್, ಆಕ್ಸಲ್ ಶಾಫ್ಟ್ ಇವುಗಳಲ್ಲಿ ಯಾವುದು ದುರ್ಬಲವೋ ಅದು ಮೊದಲು ಮುರಿಯುತ್ತದೆ. ಕ್ರೌನ್ ಅನುಪಾತವೂ ಹೊಂದಬೇಕು. ಸಂಖ್ಯೆ ದೊಡ್ಡದಾದರೆ ಏರು ಸಲೀಸು, ಆದರೆ ಬಯಲು ರಸ್ತೆಯಲ್ಲಿ ಎಂಜಿನ್ ಜೋರಾಗಿ ಸುತ್ತಿ ಡೀಸೆಲ್ ಕುಡಿಯುತ್ತದೆ. ಸಂಖ್ಯೆ ಚಿಕ್ಕದಾದರೆ ಘಾಟಿಯಲ್ಲಿ ಕಷ್ಟ.

ಬೇಡವೆನ್ನುವವರ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಏರಿದ ಗಾಡಿ ಇಳಿಯಲೂ ಬೇಕು. ಹಳೆಯ ಬ್ರೇಕು ಹಳೆಯ ವೇಗಕ್ಕೆ, ಹಳೆಯ ತೂಕಕ್ಕೆ ಮಾಡಿದ್ದು. ಹೊಸ ಎಂಜಿನ್ನಿನ ಹುಮ್ಮಸ್ಸನ್ನು ಅದು ತಡೆಯದಿದ್ದರೆ, ಚಾಲಕನ ಜೊತೆಗೆ ಎದುರು ಬರುವವರ ಜೀವವೂ ಪಣಕ್ಕೆ ಬೀಳುತ್ತದೆ. ಎಲೆಕ್ಟ್ರಾನಿಕ್ ಎಂಜಿನ್ ತಂದರೆ ಸೆನ್ಸರ್, ವೈರಿಂಗ್ ಎಲ್ಲವನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಗಾಡಿ ಗ್ಯಾರೇಜು ಬಿಟ್ಟು ಹೊರಡುವುದಿಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಕ್ಕಿಂತ ನೋಂದಣಿ ಪತ್ರದ (ಆರ್‌ಸಿ) ವಿವರ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಟಿಓ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸಿದ ಗಾಡಿ ಫಿಟ್‌ನೆಸ್ ತಪಾಸಣೆಯಲ್ಲಿ (ಎಫ್‌ಸಿ) ಸಿಕ್ಕಿಬೀಳಬಹುದು, ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಗಟ್ಟಿ ಆಕ್ಸಲ್ ಹಾಕಿಸಿದರೆ ಹೆಚ್ಚು ಲೋಡ್ ಹೊರಬಹುದೆಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. ತೂಕದ ಮಿತಿ ಆರ್‌ಸಿಯಲ್ಲಿ ಬರೆದಷ್ಟೇ. ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಎರಡೂ ಕಡೆ ತೂಗಿದರೆ ನನ್ನ ತೀರ್ಮಾನ ಇಷ್ಟು. ದೂರದ ಬಾಡಿಗೆಗೆ ಓಡುವ ಲಾರಿಗೆ ಇಂಥ ಮಾರ್ಪಾಡು ಬೇಡ. ಅದೇ ಮಾದರಿಯ ಎಂಜಿನ್ನನ್ನು ಒಪ್ಪಿಗೆ ಪಡೆದು ಹಾಕಿಸಿ, ಇಲ್ಲವೇ ಗಾಡಿ ಮಾರಿ ಹೆಚ್ಚು ಶಕ್ತಿಯದನ್ನು ಕೊಳ್ಳಿ. ಸ್ವಂತ ತೋಟದ ಗೇಟಿನೊಳಗೇ ದುಡಿಯುವ ಗಾಡಿಯಾದರೆ ಮಾರ್ಪಾಡಿಗೆ ಅರ್ಥವಿದೆ. ಆದರೆ ಅಲ್ಲೂ ಮೊದಲ ಖರ್ಚು ಬ್ರೇಕಿಗೆ, ಎರಡನೆಯದು ಆಕ್ಸಲ್‌ಗೆ, ಎಂಜಿನ್ನಿಗೆ ಕೊನೆಗೆ. ಈ ಮೂರನ್ನೂ ಮಾಡಿಸುವಷ್ಟು ದುಡ್ಡಿಲ್ಲದವರು ಎಂಜಿನ್ ಒಂದನ್ನೇ ಬದಲಿಸುವ ಆಸೆಯನ್ನು ಕೈಬಿಡಲೇಬೇಕು.